ಬಂದ ವಸ್ತುವಿಗೆ ಇಬ್ಬರು ಸಾಕ್ಷಿ

ನಮ್ಮೂರಲ್ಲಿ ವಸ್ತುಗಳು ಮನೆ ಬದಲಿಸುತ್ತವೆ. ಒಲೆಯ ಪಕ್ಕ ಇಟ್ಟ ಇಕ್ಕಳ ನೀವು ತಿರುಗಿ ನೋಡುವಷ್ಟರಲ್ಲಿ ಇರುವುದಿಲ್ಲ. ಮೂರು ಬೀದಿ ಆಚೆ ಯಾರದೋ ಮಂಚದ ಮೇಲೆ ತಣ್ಣಗೆ ಮಲಗಿರುತ್ತದೆ. ಕೈಯಲ್ಲಿ ಹಿಡಿದದ್ದು ಹೋಗುವುದಿಲ್ಲ, ಮೈಮೇಲೆ ಇದ್ದದ್ದು ಹೋಗುವುದಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ ಉಳಿದಿದೆ. ಮಿಕ್ಕಿದ್ದಕ್ಕೆ ಗ್ಯಾರಂಟಿ ಇಲ್ಲ. ಹೊರಗಿನಿಂದ ಸೊಸೆಯಾಗಿ ಬಂದವರು ಮೊದಲ ತಿಂಗಳು ಅಳುತ್ತಾರೆ, ಎರಡನೆಯ ತಿಂಗಳು ಹುಡುಕುವುದನ್ನು ಬಿಡುತ್ತಾರೆ, ಮೂರನೆಯ ತಿಂಗಳು ಪಕ್ಕದ ಮನೆಯವರ ಒಗ್ಗರಣೆ ಸೌಟಿಗೆ ಸಾಕ್ಷಿ ನಿಲ್ಲಲು ಓಡುತ್ತಾರೆ.

ಸಾಕ್ಷಿ ಎಂದರೆ ಇಷ್ಟೇ. ನಿಮ್ಮ ಮನೆಗೆ ಬೇರೆಯವರ ವಸ್ತು ಬಂದರೆ ನೀವು ಅದನ್ನು ಮುಟ್ಟಬಾರದು. ಕೂಡಲೇ ಕೂಗಿ ನೆರೆಯ ಇಬ್ಬರನ್ನು ಕರೆಯಬೇಕು. ಅವರು ಬಂದು ಗಂಟೆ ಎಷ್ಟು, ವಸ್ತು ಎಲ್ಲಿದೆ, ಹೇಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆಮೇಲೆ ವಸ್ತುವನ್ನು ಸುತ್ತಿ, ಅರಿಶಿಣದ ದಾರ ಕಟ್ಟಿ, ಇಬ್ಬರೂ ತಮ್ಮ ತಮ್ಮ ಮನೆಯ ಗಂಟು ಹಾಕಬೇಕು. ನಮ್ಮಲ್ಲಿ ಮನೆಗೊಂದು ಗಂಟು ಇದೆ, ಒಂದರಂತೆ ಇನ್ನೊಂದಿಲ್ಲ. ಕೈಯಿಂದ ಕೈಗೆ ಹೋದಂತೆಲ್ಲ ಒಂದೊಂದು ಗಂಟು ಸೇರುತ್ತದೆ. ದಾರ ನೋಡಿದರೆ ಸಾಕು, ವಸ್ತು ಯಾರ ಯಾರ ಕೈ ದಾಟಿ ಬಂತು ಎಂದು ಓದಬಹುದು. ಕೊನೆಗೆ ಅದು ಬಸ್‌ಸ್ಟ್ಯಾಂಡಿನ ಎದುರಿನ ಒಪ್ಪಿಸುವ ಕಟ್ಟೆಗೆ ಬರುತ್ತದೆ, ಅಲ್ಲಿಂದ ಯಜಮಾನರ ಕೈಗೆ. ಮೊಬೈಲ್ ಬಂದರೆ ಮಾತ್ರ ಒಂದು ಹೆಚ್ಚಿನ ಕಟ್ಟಳೆ: ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯಬೇಕು. ಇನ್ನೊಬ್ಬರಿಗೆ ಬಂದ ಕರೆ ನಮ್ಮ ಮನೆಯಲ್ಲಿ ರಿಂಗಾಗಬಾರದು, ಅದು ಸಭ್ಯತೆ. ನಮ್ಮೂರಲ್ಲಿ ಯಾರನ್ನಾದರೂ ತೀರಾ ಕೀಳಾಗಿ ಬೈಯಬೇಕೆಂದರೆ ತಾಯಿ ತಂದೆ ಎತ್ತಬೇಕಾಗಿಲ್ಲ. ಬಂದದ್ದು ಇಟ್ಟುಕೊಂಡವನು ಎಂದರೆ ಸಾಕು.

ಆ ಕಟ್ಟೆಯ ಮೇಲೆ ಹದಿನೆಂಟು ವರ್ಷದಿಂದ ಕೂರುತ್ತಿದ್ದವಳು ದಾಕ್ಷಾಯಿಣಿ. ಊರಿನ ಇನ್ನೂರ ಹನ್ನೊಂದು ಗಂಟುಗಳೂ ಅವಳಿಗೆ ಬೆರಳ ತುದಿಯಲ್ಲಿದ್ದವು. ಹಳೆಯ ಕಾಲದ ಬಿ.ಎಸ್ಸಿ. ಆಗಿತ್ತು, ಗಂಡ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ, ಮಗಳು ಮದುವೆಯಾಗಿ ಹೋಗಿದ್ದಳು. ನಲವತ್ತೇಳನೆಯ ವಯಸ್ಸಿನಲ್ಲಿ ಆಕೆ ಆನ್‌ಲೈನಿನಲ್ಲಿ ಎಂ.ಎಸ್ಸಿ.ಗೆ ಸೇರಿದಳು. ವಿಷಯ ಕಂಪ್ಯೂಟರ್ ಭದ್ರತೆ ಮತ್ತು ಡಿಜಿಟಲ್ ಫೊರೆನ್ಸಿಕ್ಸ್. ಅಂದರೆ ಕಂಪ್ಯೂಟರಿಗೆ ಕನ್ನ ಹಾಕುವವರನ್ನು ತಡೆಯುವುದು, ಹಾಕಿ ಹೋದ ಮೇಲೆ ಅವರ ಹೆಜ್ಜೆ ಹುಡುಕುವುದು.

ಇಲ್ಲಿ ನನ್ನ ವಿಷಯ ಹೇಳಬೇಕು, ಹೇಳದೆ ವಿಧಿಯಿಲ್ಲ. ನಾನು ಮರುಳಸಿದ್ದಪ್ಪ, ಕಟ್ಟೆಯ ಪಕ್ಕದಲ್ಲೇ ಮಿಕ್ಸಿ, ರೇಡಿಯೊ ರಿಪೇರಿ ಅಂಗಡಿ ಇಟ್ಟವನು. ಕರೆಂಟಿಗೆ ಸಂಬಂಧಿಸಿದ ಯಾವುದೇ ಜ್ಞಾನ ಈ ಊರಿನಲ್ಲಿ ಮೊದಲು ನನ್ನ ತಲೆಗೆ ಬಂದು ಆಮೇಲೆ ಮಿಕ್ಕವರಿಗೆ ಹಂಚಿಕೆಯಾಗಬೇಕು ಎಂದು ನಂಬಿದ್ದವನು. ದಾಕ್ಷಾಯಿಣಿ ಸೇರಿದ ಸುದ್ದಿ ಕೇಳಿದವನೇ ಅಂಗಡಿಯಿಂದ ಎದ್ದು ಹೋದೆ. ಕಟ್ಟೆಯ ಮುಂದೆ ಹತ್ತು ಜನರಿಗೆ ಕೇಳುವಂತೆ, ಇನ್ನು ಮೇಲೆ ದೇಶದ ಕಳ್ಳರೆಲ್ಲ ನಮ್ಮ ದಾಕ್ಷಾಯಿಣಿಯ ಅರಿಶಿಣದ ದಾರಕ್ಕೆ ಹೆದರಿ ಸನ್ಯಾಸ ತೆಗೆದುಕೊಳ್ಳುತ್ತಾರೆ ಬಿಡಿ ಎಂದೆ. ಜನ ನಕ್ಕರು. ಅವಳೂ ನಕ್ಕಳು. ಅವಳು ನಕ್ಕದ್ದು ನನಗೆ ಇನ್ನೂ ಉರಿಯಿತು.

ಎರಡು ವರ್ಷ ಅವಳು ಓದಿದ ಪರಿ ಊರಿಗೆಲ್ಲ ಗೊತ್ತು. ಬೆಳಗ್ಗೆ ಕಟ್ಟೆ, ಮಧ್ಯಾಹ್ನ ಪಾಠ. ಸಾಕ್ಷ್ಯವನ್ನು ಯಾರು ಯಾರಿಂದ ಯಾವಾಗ ಪಡೆದರು ಎಂದು ಮುರಿಯದಂತೆ ಬರೆದಿಡಬೇಕು ಎನ್ನುವ ಪಾಠ ಬಂದ ದಿನ ಅವಳು ಒಬ್ಬಳೇ ಕೂತು ನಗುತ್ತಿದ್ದಳಂತೆ. ವಶಪಡಿಸಿಕೊಂಡ ಫೋನಿಗೆ ಸಿಗ್ನಲ್ ತಲುಪದಂತೆ ಹಾಕಲು ವಿಶೇಷ ಚೀಲವಿದೆ ಎಂದು ಪರದೆಯ ಮೇಲೆ ತೋರಿಸಿದಾಗ ಎದುರುಮನೆಯ ಪುಟ್ಟನಂಜಮ್ಮನನ್ನು ಕರೆದು ತೋರಿಸಿದಳು. ಪುಟ್ಟನಂಜಮ್ಮ ಅದನ್ನು ನೋಡಿ, ಇದಕ್ಕಿಂತ ನಮ್ಮ ಸಕ್ಕರೆ ಡಬ್ಬಿ ಗಟ್ಟಿ ಇದೆ ಎಂದು ತೀರ್ಪು ಕೊಟ್ಟು ಹೋದಳು. ಮೂರು ಸೆಮಿಸ್ಟರಿನಲ್ಲೂ ದಾಕ್ಷಾಯಿಣಿ ತರಗತಿಯ ಮೊದಲ ಐವರಲ್ಲಿದ್ದಳು. ಉಳಿದದ್ದು ಕೊನೆಯ ಸೆಮಿಸ್ಟರಿನ ಒಂದೇ ಪತ್ರಿಕೆ.

ಪರೀಕ್ಷೆ ಮನೆಯಲ್ಲೇ ಕೂತು ಬರೆಯುವುದು. ಆದರೆ ಕ್ಯಾಮೆರಾದ ಮೂಲಕ ಆ ಕಡೆಯಿಂದ ಒಬ್ಬರು ಕಾವಲು ಕಾಯುತ್ತಿರುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಫೋನ್ ಇರಬಾರದು, ಕುರ್ಚಿ ಬಿಟ್ಟು ಏಳಬಾರದು. ಅವಳು ಹಿಂದಿನ ದಿನವೇ ಕೋಣೆಯನ್ನು ಖಾಲಿ ಮಾಡಿ ಮೇಜು ಕುರ್ಚಿ ಮಾತ್ರ ಉಳಿಸಿದ್ದಳು. ಬೆಳಗ್ಗೆ ಹತ್ತಕ್ಕೆ ಬರೆಯಲು ಶುರುಮಾಡಿದಳು. ಹತ್ತು ಐವತ್ತೆರಡಕ್ಕೆ ಮೇಜಿನ ಬಲತುದಿಯಲ್ಲಿ ಒಂದು ಮೊಬೈಲ್ ಬಂದು ಕೂತಿತು.

ಬೇರೆ ಊರಿನವಳಾಗಿದ್ದರೆ ಏನು ಮಾಡುತ್ತಿದ್ದಳೋ. ಅಂಗೈಯಿಂದ ಕೆಳಗೆ ತಳ್ಳಿಬಿಡುತ್ತಿದ್ದಳು, ಇಲ್ಲವೇ ಕಾವಲಿನವರಿಗೆ ಹೇಳುತ್ತಿದ್ದಳು. ದಾಕ್ಷಾಯಿಣಿ ನಮ್ಮೂರಿನವಳು. ಯೋಚನೆ ಮಾಡುವ ಮೊದಲೇ ಎದ್ದು ನಿಂತಳು, ಕಿಟಕಿಗೆ ಬಾಯಿಟ್ಟು ಸಾಕ್ಷಿಗೆ ಬನ್ನಿ ಎಂದು ಕೂಗಿದಳು. ಪುಟ್ಟನಂಜಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದಳು. ಟೈಲರ್ ಮೆಹಬೂಬ್ ಸಾಬರು ಕೊರಳಿಗೆ ಟೇಪು ಹಾಕಿಕೊಂಡೇ ಬಂದರು. ಸಾಬರು ಕ್ಯಾಮೆರಾದ ನಟ್ಟನಡುವೆ ನಿಂತು, "ಹತ್ತು ಐವತ್ತೈದು. ಮೇಜಿನ ಬಲತುದಿ. ಒಂದು ಮೊಬೈಲು, ಕರಿ ಬಣ್ಣ, ಬೋರಲಾಗಿಲ್ಲ, ಅಂಗಾತ ಐತೆ" ಎಂದು ಇಡೀ ವಿಶ್ವವಿದ್ಯಾಲಯಕ್ಕೆ ಕೇಳುವಂತೆ ಸಾರಿದರು. ಹಾಳೆ ಸುತ್ತಿದ್ದಾಯಿತು, ಡಬ್ಬಿಗೆ ಹಾಕಿದ್ದಾಯಿತು, ಇಬ್ಬರೂ ಗಂಟು ಹಾಕಿದ್ದಾಯಿತು. ಹನ್ನೊಂದಕ್ಕೆ ಸರಿಯಾಗಿ ಪರದೆ ಕಪ್ಪಾಯಿತು. ಪರೀಕ್ಷೆಯನ್ನು ನಿಲ್ಲಿಸಲಾಗಿದೆ ಎಂಬ ಒಂದೇ ಸಾಲು ಅದರ ಮೇಲಿತ್ತು.

ಮೂರು ದಿನಕ್ಕೆ ಪತ್ರ ಬಂತು. ಕೋಣೆಗೆ ಹೊರಗಿನವರನ್ನು ಕರೆಸಿದ್ದು ಒಂದು ಆರೋಪ. ಚಾಲೂ ಇದ್ದ ಮೊಬೈಲಿನಿಂದ ಉತ್ತರ ಪಡೆದದ್ದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ವಿಡಿಯೊದಲ್ಲಿ ಒಂದು ಕ್ಷಣ ಇಲ್ಲದ ಫೋನು ಮರುಕ್ಷಣ ಇದೆ, ಆದ್ದರಿಂದ ವಿದ್ಯಾರ್ಥಿನಿ ತಾನು ಕಲಿತ ವಿದ್ಯೆಯನ್ನೇ ಬಳಸಿ ವಿಡಿಯೊವನ್ನು ತಿದ್ದಿರುವ ಶಂಕೆ. ಎರಡು ವಾರದೊಳಗೆ ವಿಚಾರಣೆ. ತಪ್ಪು ಸಾಬೀತಾದರೆ ಪದವಿಯೂ ಇಲ್ಲ, ಇನ್ನು ಮುಂದೆ ಯಾವ ಪರೀಕ್ಷೆಗೂ ಕೂರುವಂತಿಲ್ಲ.

ದಾಕ್ಷಾಯಿಣಿಗೆ ದಾರಿಯೇನೋ ಗೊತ್ತಿತ್ತು. ಫೋನನ್ನು ಯಾವಾಗ ತೆರೆದರು, ಏನು ನೋಡಿದರು ಎಂಬುದೆಲ್ಲ ಫೋನಿನೊಳಗೇ ದಾಖಲಾಗಿರುತ್ತದೆ. ಆದರೆ ಯಜಮಾನ ಬಾರದೆ ಬಂದ ವಸ್ತುವನ್ನು ತೆರೆಯುವಂತಿಲ್ಲ, ಅದು ಅವಳೇ ಹದಿನೆಂಟು ವರ್ಷ ಕಾದ ಕಟ್ಟಳೆ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು ಕೈ ಮೇಲಿಟ್ಟುಕೊಂಡು ಕೂತಳು. ಒಂದು ದಿನವಾಯಿತು, ಎರಡು ದಿನವಾಯಿತು. ಯಾರೂ ಬರಲಿಲ್ಲ. ನಮ್ಮೂರ ಇತಿಹಾಸದಲ್ಲೇ ಹಾಗೆ ಆಗಿರಲಿಲ್ಲ.

ಬರಬೇಕಾದವನು ನಾನು. ಆ ಫೋನು ನನ್ನದು. ಹತ್ತು ಐವತ್ತೆರಡಕ್ಕೆ ನನ್ನ ಅಂಗಡಿಯ ಕೌಂಟರಿನ ಮೇಲಿಂದ ಹೋದದ್ದು. ಸಂಜೆಗೆ ಕಟ್ಟೆಗೆ ಬರುತ್ತದೆ ಬಿಡು ಎಂದುಕೊಂಡಿದ್ದವನಿಗೆ ಅದು ಎಲ್ಲಿಗೆ ಹೋಗಿ ಕೂತಿದೆ ಎಂದು ಗೊತ್ತಾದಾಗ ಕಟ್ಟೆಯ ಕಡೆ ಕಾಲಿಡುವುದನ್ನೇ ಬಿಟ್ಟೆ. ಯಾಕೆಂದರೆ ಆ ಫೋನಿನ ತುಂಬ ಇದ್ದದ್ದು ಅದೇ ಕೋರ್ಸಿನ ಪಾಠಗಳು. ಹೌದು, ದಾಕ್ಷಾಯಿಣಿಯನ್ನು ಹತ್ತು ಜನರ ಮುಂದೆ ನಗೆಪಾಟಲು ಮಾಡಿದ ಮರುತಿಂಗಳೇ ನಾನೂ ಅದೇ ವಿಶ್ವವಿದ್ಯಾಲಯದ, ಅದೇ ವಿಷಯದ ಸಣ್ಣ ಸರ್ಟಿಫಿಕೇಟ್ ಕೋರ್ಸಿಗೆ ಕದ್ದು ಸೇರಿದ್ದೆ. ಅವಳಿಗೆ ಪಾಠ ಹೇಳುವ ಮೇಷ್ಟರೇ ನನಗೂ ಹೇಳುತ್ತಿದ್ದರು. ವ್ಯತ್ಯಾಸ ಇಷ್ಟೇ, ಅವಳು ಮೊದಲ ಐವರಲ್ಲಿದ್ದಳು, ನಾನು ಒಂದೇ ಘಟಕದಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದೆ. ಹೆಂಡತಿಗೂ ಹೇಳಿರಲಿಲ್ಲ.

ನನಗೆ ನಾನೇ ಹೇಳಿಕೊಂಡ ಸಮಾಧಾನ ಹೀಗಿತ್ತು: ಫೋನ್ ತೆರೆದರೆ ಅದರಲ್ಲಿ ಅದೇ ಪತ್ರಿಕೆಯ ಟಿಪ್ಪಣಿ ಸಿಗುತ್ತದೆ, ಅವಳಿಗೇ ತೊಂದರೆ, ನಾನು ಬಾಯಿ ಮುಚ್ಚಿಕೊಂಡಿರುವುದೇ ಅವಳಿಗೆ ಉಪಕಾರ. ಮನುಷ್ಯ ತನ್ನ ಹೇಡಿತನಕ್ಕೆ ಎಷ್ಟು ಚೆನ್ನಾಗಿ ಬಟ್ಟೆ ತೊಡಿಸುತ್ತಾನೆ ನೋಡಿ. ಫೋನೆಲ್ಲಿ ಎಂದು ಕೇಳಿದವರಿಗೆ ಬಿಚ್ಚಿ ರಿಪೇರಿಗೆ ಹಾಕಿದ್ದೇನೆ ಎಂದೆ. ರಿಪೇರಿಯವನ ಮಾತನ್ನು ಯಾರು ಅನುಮಾನಿಸುತ್ತಾರೆ?

ಏಳನೆಯ ದಿನ ಬೆಳಗ್ಗೆ ನಾನು ಅಂಗಡಿಯಲ್ಲಿ ಕೂತಿದ್ದೆ. ಕೆಳಗಿನ ಬೀದಿಯ ಒಬ್ಬಾತ ದಾರ ಕಟ್ಟಿದ ತಂಬಿಗೆ ಹಿಡಿದು ಕಟ್ಟೆಯ ಹತ್ತಿರ ಬಂದ. ಅವಳು ಎಂದಿನಂತೆ ಕೈ ಚಾಚಿದಳು. ಆತ ಒಂದು ಕ್ಷಣ ನಿಂತು, ಅವಳ ಕೈಯನ್ನೂ, ವಾರವಾದರೂ ಅವಳ ಬಳಿಯೇ ಉಳಿದ ಡಬ್ಬಿಯನ್ನೂ ನೋಡಿ, ನೇರ ಯಜಮಾನರ ಮನೆಗೇ ಕೊಡುತ್ತೇನೆ ಎಂದು ಗೊಣಗಿ ಹೊರಟುಹೋದ. ಚಾಚಿದ ಕೈಯನ್ನು ಅವಳು ಒಡನೆ ಹಿಂದೆ ತೆಗೆದುಕೊಳ್ಳಲಿಲ್ಲ. ಏನು ಮಾಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ನನಗೆ ನೋಡಲಾಗಲಿಲ್ಲ. ಅಂಗಡಿ ಬಾಗಿಲು ಹಾಕದೆ ಎದ್ದು ಹೋದೆ.

"ಆ ಫೋನು ನಂದಮ್ಮ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು. "ಕೂತ್ಕಳಿ ಸಿದ್ದಪ್ಪಣ್ಣ," ಎಂದಳು.

ಕೂತು ಎಲ್ಲ ಹೇಳಿದೆ. ಟಿಪ್ಪಣಿ ಇರುವುದನ್ನೂ, ಅದರಿಂದ ಅವಳಿಗೇ ಕುತ್ತು ಬರಬಹುದೆಂಬುದನ್ನೂ ಹೇಳಿದೆ. ಬೇಕಿದ್ದರೆ ಅವನ್ನೆಲ್ಲ ಅಳಿಸಿ ಆಮೇಲೆ ತೋರಿಸೋಣ ಎಂದೂ ಬಾಯಿ ತಪ್ಪಿ ಅಂದೆ.

"ಅಣ್ಣ, ಅದಕ್ಕೇ ನೀವು ಫೇಲಾಗ್ತಿರೋದು," ಎಂದಳು ಅವಳು. "ಇರೋದನ್ನ ಇದ್ದಂಗೇ ತೋರಿಸ್ಬೇಕು. ಅರ್ಧ ತೋರಿಸಿದ್ರೆ ಅದು ಸಾಕ್ಷಿ ಅಲ್ಲ. ನಾನೂ ಅದನ್ನ ಬಿಚ್ಚಲ್ಲ, ನೀವೂ ಬಿಚ್ಬೇಡಿ. ಅವರ ಕೈಯಲ್ಲೇ ಬಿಚ್ಚಿಸೋಣ."

ಮರುದಿನ ಮುಂಜಾನೆಯ ಬಸ್ಸಿಗೆ ನಾವು ಮೂವರು ಡಬ್ಬಿ ಹಿಡಿದು ಹೊರಟೆವು: ಪುಟ್ಟನಂಜಮ್ಮ, ಸಾಬರು, ನಾನು. ಆರು ಗಂಟೆಯ ದಾರಿ. ಊರಿನ ಎಲ್ಲೆ ದಾಟಿದ ಮೇಲೆ ವಸ್ತು ತಾನಾಗಿ ಎಲ್ಲಿಗೂ ಹೋಗುವುದಿಲ್ಲವಾದರೂ ಪುಟ್ಟನಂಜಮ್ಮ ಡಬ್ಬಿಯನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ, ನನ್ನ ಕೈಗಂತೂ ಕೊಡಲೇ ಇಲ್ಲ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಬ್ಬ ತರುಣಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗಂಟಿನ ಫೋಟೊ ತೆಗೆದುಕೊಂಡಳು. ಸಾಬರು ಅವಳಿಗೆ ತಮ್ಮ ಮನೆಯ ಗಂಟು ಬಿಚ್ಚುವ ಬಗೆ ಹೇಳಿಕೊಟ್ಟರು. ನಾನು ಪಾಸ್‌ವರ್ಡ್ ಬರೆದುಕೊಟ್ಟೆ. ನಮ್ಮ ಕಣ್ಣೆದುರಿಗೇ ಫೋನಿನ ಒಳಗಿದ್ದದ್ದನ್ನೆಲ್ಲ ನಕಲು ತೆಗೆದರು. ಏನು ಸಿಕ್ಕಿತೆಂದು ಮಾತ್ರ ಹೇಳಲಿಲ್ಲ. ವಿಚಾರಣೆಯ ದಿನ ಹೇಳುತ್ತೇವೆ ಎಂದರು.

ವಿಚಾರಣೆ ಗುರುವಾರ ಹತ್ತು ಗಂಟೆಗೆ, ಪರದೆಯ ಮೇಲೆ. ಅಂದು ದಾಕ್ಷಾಯಿಣಿಯ ಮನೆಯ ಮುಂದೆ ಬೀದಿಯೇ ನೆರೆದಿತ್ತು. ಎಲ್ಲರಿಗೂ ಕೇಳಲೆಂದು ನಾನೇ ಒಂದು ಸ್ಪೀಕರ್ ಕಿಟಕಿಗೆ ಕಟ್ಟಿದ್ದೆ. ಆ ಬುದ್ಧಿ ನನಗೆ ಯಾಕೆ ಬಂತೋ, ಮುಂದೆ ನೋಡಿ. ಪರದೆಯಲ್ಲಿ ಮೂವರಿದ್ದರು. ಅಧ್ಯಕ್ಷರು ಪ್ರೊಫೆಸರ್ ಉಡುಪ, ಬಿಳಿಗಡ್ಡದ ಗಂಭೀರ ಮನುಷ್ಯ, ನಮ್ಮಿಬ್ಬರ ಮೇಷ್ಟರೂ ಅವರೇ.

ವಿಡಿಯೊದಲ್ಲಿ ಫೋನು ದಿಢೀರನೆ ಪ್ರತ್ಯಕ್ಷವಾದದ್ದು ಹೇಗೆ ಎಂದು ಅವರು ಮೊದಲು ಕೇಳಿದರು. ದಾಕ್ಷಾಯಿಣಿ ಒಂದೇ ಪ್ರಶ್ನೆ ವಾಪಸು ಕೇಳಿದಳು: ಆ ವಿಡಿಯೊ ಯಾರ ಕಂಪ್ಯೂಟರಿನಲ್ಲಿ ದಾಖಲಾದದ್ದು? ನಮ್ಮದರಲ್ಲಿ ಎಂದರು ಉಡುಪರು. ತನ್ನ ಮನೆಯ ಕಂಪ್ಯೂಟರನ್ನೂ ಕ್ಯಾಮೆರಾವನ್ನೂ ಪರೀಕ್ಷೆ ನಿಂತ ದಿನ ಮಧ್ಯಾಹ್ನವೇ ದಾರ ಕಟ್ಟಿ ಅವರ ಪ್ರಯೋಗಾಲಯಕ್ಕೆ ಕಳಿಸಿದ್ದನ್ನು ಅವಳು ನೆನಪಿಸಿದಳು. ಈಗ ಅವಳು ಕೂತದ್ದು ಗಂಡ ಗ್ರಂಥಾಲಯದಿಂದ ತಂದ ಕಂಪ್ಯೂಟರಿನ ಮುಂದೆ. ಪ್ರಯೋಗಾಲಯದ ತರುಣಿ, ಎರಡನ್ನೂ ಪರೀಕ್ಷಿಸಿದ್ದೇವೆ, ತಿದ್ದಿದ ಕುರುಹು ಒಂದೂ ಇಲ್ಲ ಎಂದಳು.

"ಹಾಗಾದರೆ ಫೋನ್ ಬಂದದ್ದು ಹೇಗೆ?" ಎಂದರು ಉಡುಪರು.

"ಹೇಗೆ ಬಂತು ಅಂತ ನಂಗೆ ಗೊತ್ತಿಲ್ಲ ಸರ್. ನಮ್ಮೂರಲ್ಲಿ ಯಾರ್ಗೂ ಗೊತ್ತಿಲ್ಲ. ಆದ್ರೆ ಬಂದ ಮೇಲೆ ಅದು ಯಾರ ಕೈಯಲ್ಲಿತ್ತು, ಎಷ್ಟೊತ್ತಿತ್ತು, ಅದರಲ್ಲಿ ಒಂದು ನಿಮಿಷಾನೂ ಲೆಕ್ಕ ತಪ್ಪಿಲ್ಲ. ನೀವೇ ಪಾಠದಲ್ಲಿ ಹೇಳಿದ್ರಿ, ಗೊತ್ತಿಲ್ಲದ್ದನ್ನ ಊಹೆ ಮಾಡಿ ವರದೀಲಿ ಬರೀಬೇಡಿ ಅಂತ."

ಉಡುಪರು ಗಡ್ಡ ನೀವಿಕೊಂಡರು. ತರುಣಿ ತನ್ನ ವರದಿ ಓದತೊಡಗಿದಳು. ಫೋನನ್ನು ಕೊನೆಯ ಸಲ ತೆರೆದದ್ದು ಬೆಳಗ್ಗೆ ಒಂಬತ್ತು ನಲವತ್ತಕ್ಕೆ. ಆಮೇಲೆ ಪ್ರಯೋಗಾಲಯದವರೆಗೆ ಯಾರೂ ತೆರೆದಿಲ್ಲ. ಅದರಲ್ಲಿ ಈ ಪತ್ರಿಕೆಗೆ ಸಂಬಂಧಿಸಿದ ಟಿಪ್ಪಣಿಗಳಿವೆ, ಆದರೆ ಪರೀಕ್ಷೆಯ ಹೊತ್ತಿನಲ್ಲಿ ಒಂದನ್ನೂ ನೋಡಿಲ್ಲ. ಹತ್ತು ಐವತ್ತೆಂಟರಿಂದ ಸಿಗ್ನಲ್ ಪೂರ್ತಿ ಇಲ್ಲ. ಪುಟ್ಟನಂಜಮ್ಮ ಸುತ್ತಲಿನವರನ್ನು ಹೆಮ್ಮೆಯಿಂದ ನೋಡಿದಳು, ಡಬ್ಬಿ ಅವಳದು.

"ಒಂದೇ ಒಂದು ತೊಡಕಿದೆ," ಎಂದಳು ತರುಣಿ. ಹತ್ತು ಐವತ್ತನಾಲ್ಕಕ್ಕೆ, ಫೋನು ಮೇಜಿನ ಮೇಲಿದ್ದಾಗ, ಒಂದು ಸಂದೇಶ ಬಂದು ಪರದೆ ಬೆಳಗಿತ್ತು. ತೆರೆಯದೆಯೇ ಓದಬಹುದಾದ ಸಂದೇಶ.

ಬೀದಿಯವರೆಲ್ಲ ಸ್ಪೀಕರಿನ ಹತ್ತಿರಕ್ಕೆ ಒತ್ತರಿಸಿ ಬಂದರು. ಅದು ಉತ್ತರವೇ ಆಗಿದ್ದರೆ ಎಲ್ಲ ಮುಗಿಯಿತು. ಉಡುಪರು ಸಂದೇಶವನ್ನು ಓದಲು ಹೇಳಿದರು. ನನಗೆ ಥಟ್ಟನೆ ಹೊಳೆಯಿತು. ಸ್ಪೀಕರಿನ ವೈರು ಕೀಳಲು ಕೈ ಹಾಕಿದೆ, ಸಾಬರು ನನ್ನ ಕೈ ಹಿಡಿದುಕೊಂಡರು.

"ಶ್ರೀ ಮರುಳಸಿದ್ದಪ್ಪ ಅವರೇ," ತರುಣಿಯ ದನಿ ಬೀದಿಯ ಕೊನೆಯವರೆಗೂ ಸ್ಪಷ್ಟವಾಗಿ ಕೇಳಿತು, "ಮೂರನೆಯ ಘಟಕದ ಕಿರುಪರೀಕ್ಷೆಯಲ್ಲಿ ನೀವು ನೂರಕ್ಕೆ ಹದಿನಾಲ್ಕು ಅಂಕ ಪಡೆದು ನಾಲ್ಕನೆಯ ಸಲವೂ ಅನುತ್ತೀರ್ಣರಾಗಿದ್ದೀರಿ. ನಿರಾಶರಾಗದೆ ಪಾಠಗಳನ್ನು ಮೊದಲಿನಿಂದ ಓದಿರಿ."

ಇನ್ನೂರು ಜನ ತಿರುಗಿ ನನ್ನನ್ನು ನೋಡಿದರು. ನನ್ನ ಹೆಂಡತಿಯೂ ಇದ್ದಳು. ಆ ನಗು ಎದ್ದದ್ದು ಎಲ್ಲಿಂದ ಎಂದು ಹೇಳಲಾರೆ, ನಿಂತದ್ದು ಮಾತ್ರ ಬಹಳ ಹೊತ್ತಿನ ಮೇಲೆ. ಕೊನೆಗೆ ನಾನೂ ನಕ್ಕೆ. ಆ ಸಂದೇಶ ಹೋದದ್ದು ವಿಶ್ವವಿದ್ಯಾಲಯದ ಕಂಪ್ಯೂಟರಿನಿಂದಲೇ, ಅದೇ ನಿಮಿಷಕ್ಕೆ. ಅವರ ದಾಖಲೆ, ನನ್ನ ಫೋನಿನ ದಾಖಲೆ, ಸಾಬರು ಕೂಗಿ ಹೇಳಿದ ಗಂಟೆ ಮೂರೂ ಒಂದಕ್ಕೊಂದು ತಾಳೆಯಾದವು. ನನ್ನ ಹದಿನಾಲ್ಕು ಅಂಕದಿಂದ ಲೋಕದಲ್ಲಿ ಒಬ್ಬರಿಗಾದರೂ ಉಪಯೋಗವಾಯಿತು.

ಮೂವರೂ ಒಂದಷ್ಟು ಹೊತ್ತು ತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಉಡುಪರು, ಆರೋಪಗಳನ್ನೆಲ್ಲ ಕೈಬಿಟ್ಟಿದ್ದೇವೆ, ಮುಂದಿನ ತಿಂಗಳು ಪತ್ರಿಕೆಯನ್ನು ಹೊಸದಾಗಿ ಬರೆಯಬಹುದು ಎಂದರು.

"ಬೇಡ ಸರ್," ಎಂದಳು ದಾಕ್ಷಾಯಿಣಿ. "ಒಂದು ಗಂಟೆ ಬರೆದದ್ದು ನಿಮ್ಮ ಹತ್ರಾನೇ ಐತೆ, ಅದು ನಂದೇ ಅಂತ ಈಗ ಸಾಬೀತಾಯ್ತು. ಉಳಿದಿರೋದು ಎರಡು ಗಂಟೆ. ಹೊಸ ಪ್ರಶ್ನೆ ಕೊಡಿ, ಇವತ್ತೇ ಬರೀತೀನಿ."

ಉಡುಪರು ಅವಳನ್ನು ದಿಟ್ಟಿಸಿ ನೋಡಿ, ಮಧ್ಯಾಹ್ನ ಎರಡಕ್ಕೆ ಕೂರಿ, ಕಾವಲಿಗೆ ನಾನೇ ಇರುತ್ತೇನೆ ಎಂದರು. ಕೋಣೆಗೆ ಯಾರೂ ಬರಕೂಡದು ಎಂದೂ ಸೇರಿಸಿದರು.

ಮತ್ತೆ ಏನಾದರೂ ಬಂದುಬಿಟ್ಟರೆ? ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಎರಡು ಗಂಟೆಗೆ ನೋಡಿದರೆ ಇಡೀ ಊರು ತನ್ನ ತನ್ನ ಸಾಮಾನನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ಕೂತಿತ್ತು. ಫೋನು, ಪುಸ್ತಕ, ಕತ್ತರಿ, ತಟ್ಟೆ, ಚೊಂಬು. ಎರಡು ಕೈಯಲ್ಲಿ ಹಿಡಿಸದ್ದನ್ನು ಮಡಿಲಲ್ಲಿ, ಮಡಿಲಲ್ಲಿ ಹಿಡಿಸದ್ದನ್ನು ಕಂಕುಳಲ್ಲಿ. ಸಾಬರು ಹೊಲಿಗೆ ಮಷಿನ್ನನ್ನೇ ಅಪ್ಪಿಕೊಂಡಿದ್ದರು. ನಾನು ಅಂಗಡಿಯ ಹದಿಮೂರು ಮಿಕ್ಸಿ ಜಾರುಗಳಿಗೆ ಒಂದೇ ಹಗ್ಗ ಪೋಣಿಸಿ ತುದಿಯನ್ನು ಕೈಗೆ ಸುತ್ತಿಕೊಂಡಿದ್ದೆ. ಹಗ್ಗ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತಿಳಿಯದು. ಮೂಗು ತುರಿಸಿದರೂ ಯಾರೂ ಕೈ ಬಿಡಲಿಲ್ಲ. ಒಳಗೆ ಅವಳು ಕೀಲಿಮಣೆ ಕುಟ್ಟುವ ಸದ್ದು ಕೇಳುತ್ತಲೇ ಇತ್ತು.

ಮೂರು ಮುಕ್ಕಾಲರ ಹೊತ್ತಿಗೆ ಆ ಸದ್ದು ನಿಂತಿತು. ಕಿಟಕಿಯಿಂದ ಇಣುಕಿದೆ. ಅವಳ ಮೇಜಿನ ಎಡತುದಿಯಲ್ಲಿ ಒಂದು ಇಡ್ಲಿ ತಟ್ಟೆ ಬಂದು ಕೂತಿತ್ತು, ಇಡ್ಲಿಗಳಿಂದ ಇನ್ನೂ ಹಬೆ ಏಳುತ್ತಿತ್ತು. ಯಾವ ಮನೆಯಲ್ಲೋ ಒಲೆಯ ಮೇಲಿದ್ದದ್ದನ್ನು ಹಿಡಿದುಕೊಳ್ಳುವುದು ಯಾರಿಗೂ ಹೊಳೆದಿರಲಿಲ್ಲ. ಅವಳು ಕುರ್ಚಿಯಿಂದ ಅರ್ಧ ಎದ್ದಿದ್ದಳು. ಬಾಯಿ ತೆರೆದಿದ್ದಳು. ಕೂಗಿದರೆ ಮುಗಿಯಿತು, ಕೂಗದಿದ್ದರೆ ಅವಳು ಅವಳಲ್ಲ.

ಆಗ ಪರದೆಯೊಳಗಿಂದ ಉಡುಪರ ದನಿ ಬಂತು, ಸ್ವಲ್ಪ ತಡವರಿಸುತ್ತಾ, ಆದರೆ ಜೋರಾಗಿ.

"ಮೂರು ನಲವತ್ತಾರು. ಮೇಜಿನ ಎಡತುದಿ. ಒಂದು ಇಡ್ಲಿ ತಟ್ಟೆ, ನಾಲ್ಕು ಇಡ್ಲಿ. ಯಾರೂ ಮುಟ್ಟಿಲ್ಲ. ನಾನು ಒಬ್ಬ ಸಾಕ್ಷಿ."

"ನಾನಿನ್ನೊಬ್ಬ," ಎಂದೆ ನಾನು ಕಿಟಕಿಯ ಹೊರಗಿನಿಂದ. ಕೋಣೆಯೊಳಗೆ ನಾನು ಕಾಲಿಟ್ಟಿರಲಿಲ್ಲವಲ್ಲ.

ದಾಕ್ಷಾಯಿಣಿ ಕೂತಳು. ಕೀಲಿಮಣೆಯ ಸದ್ದು ಮತ್ತೆ ಶುರುವಾಯಿತು.

ಅಂಕಪಟ್ಟಿ ಬರಲು ಒಂದು ತಿಂಗಳು ಹಿಡಿಯಿತು, ಆ ಪತ್ರಿಕೆಯಲ್ಲಿ ತರಗತಿಗೇ ಅವಳದೇ ಮೊದಲ ಸ್ಥಾನ. ಆದರೆ ನಮ್ಮೂರಿನವರನ್ನು ಕೇಳಿದರೆ ಅವಳು ಪಾಸಾದದ್ದು ಆ ಗುರುವಾರ ಸಂಜೆ ನಾಲ್ಕಕ್ಕೇ. ಬಾಗಿಲು ತೆರೆದು ಹೊಸ್ತಿಲ ಮೇಲೆ ಬಂದು ನಿಂತಳು. ಬೆರಳುಗಳನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು. "ಬರ್ದೆ" ಎಂದಷ್ಟೇ ಅಂದಳು. ಬೀದಿ ತುಂಬ ಜನ. ಚಪ್ಪಾಳೆ ತಟ್ಟಲು ಒಬ್ಬರ ಕೈಯೂ ಖಾಲಿ ಇರಲಿಲ್ಲ. ಹೋದರೆ ಹೋಗಲಿ ಎಂದು ಮೊದಲು ಪುಟ್ಟನಂಜಮ್ಮ ತನ್ನ ಮಡಿಲಿನದನ್ನೆಲ್ಲ ಕೆಳಗಿಟ್ಟಳು. ಆಮೇಲೆ ಸಾಬರು ಮಷಿನ್ ಬಿಟ್ಟರು. ನಾನು ಹಗ್ಗ ಬಿಚ್ಚಿ ಎಸೆದೆ. ನೋಡನೋಡುತ್ತ ಇಡೀ ಊರು ಕೈಯಲ್ಲಿದ್ದದ್ದನ್ನೆಲ್ಲ ನೆಲಕ್ಕಿಟ್ಟು ಎದ್ದು ನಿಂತಿತು.